ಮನೆಯ ಕಾಫಿಗೆ ತರಗತಿ ಹುಡುಕುವವರಿಗೆ

ಬೈಕಂಪಾಡಿಯ ಮಗ್ಗುಲಲ್ಲೇ ಪಣಂಬೂರಿನ ನವ ಮಂಗಳೂರು ಬಂದರು. ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿ ಬೀಜ ಘಟ್ಟ ಇಳಿದು ಇಲ್ಲಿಂದ ಹಡಗು ಹತ್ತುತ್ತದೆ. ಆ ಬೀಜದಿಂದ ಮನೆಯಲ್ಲೇ ಒಂದು ಒಳ್ಳೆಯ ಲೋಟ ಕಾಫಿ ಮಾಡಲು ಕಲಿಯಬೇಕು, ಎಲ್ಲಿಗೆ ಹೋಗಲಿ ಎಂದು ಕೇಳುವವರು ಈಗ ನಮ್ಮ ಕಡೆ ಹೆಚ್ಚುತ್ತಿದ್ದಾರೆ. ನಾನು ಕಲಿತೆ; ಈಗ ಪರಿಚಯದವರಿಗೆ ತರಗತಿ ಹುಡುಕಿಕೊಡುತ್ತೇನೆ. ಅದರಿಂದ ತಿಳಿದದ್ದು ಇಷ್ಟು.

1. ನಿಮ್ಮ ಅಡುಗೆಮನೆಯಲ್ಲಿ ಏನಿದೆ ಎಂದು ಮೊದಲೇ ಹೇಳಿ. ಬರಿಸ್ತಾ ತರಬೇತಿಗಳಲ್ಲಿ ಹೆಚ್ಚಿನವು ಕೆಫೆ ಕೆಲಸಕ್ಕೆ ಸೇರುವವರಿಗಾಗಿ ಇರುವಂಥವು. ದೊಡ್ಡ ಯಂತ್ರ, ಗಿರಾಕಿಗಳ ಸಾಲು, ಕೈಯ ವೇಗ ಅಲ್ಲಿ ಮುಖ್ಯ. ಫೋನ್ ಮಾಡಿದಾಗಲೇ, "ನನ್ನ ಹತ್ತಿರ ಸ್ಟೀಲ್ ಫಿಲ್ಟರ್, ಒಂದು ಮೋಕಾ ಪಾಟ್ ಇದೆ, ಇದರಲ್ಲಿ ಕಲಿಸುತ್ತೀರಾ?" ಎಂದು ಕೇಳಿಬಿಡಿ. ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್ ಪಠ್ಯಕ್ರಮದ ತರಗತಿಯಾದರೆ ಇನ್ನೊಂದು ಎಚ್ಚರಿಕೆ ಬೇಕು. ಅದರಲ್ಲಿ 'ಬರಿಸ್ತಾ ಸ್ಕಿಲ್ಸ್' ಎಂದರೆ ಎಸ್‌ಪ್ರೆಸೊ ಯಂತ್ರ ಮತ್ತು ಹಾಲಿನ ಕೆಲಸ. 'ಬ್ರೂಯಿಂಗ್' ಎಂದರೆ ಪೋರ್ ಓವರ್, ಫ್ರೆಂಚ್ ಪ್ರೆಸ್ ಮೊದಲಾದವು. ಎಸ್‌ಪ್ರೆಸೊ ಯಂತ್ರ ಇಲ್ಲದವರು ಬರಿಸ್ತಾ ಎಂಬ ಹೆಸರಿಗೆ ಮರುಳಾಗಿ ಮೊದಲನೆಯದಕ್ಕೆ ದುಡ್ಡು ಕಟ್ಟುತ್ತಾರೆ. ಅವರಿಗೆ ಬೇಕಾದದ್ದು ಎರಡನೆಯದು. ಯಾವುದೇ ಇರಲಿ, ಮನೆಯವರಿಗೆ ಫೌಂಡೇಷನ್ ಹಂತ ಧಾರಾಳ ಸಾಕು.

2. ಗ್ರೈಂಡರ್ ನಿಮ್ಮ ಕೈಗೆ ಸಿಗುತ್ತದೆಯೇ? ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಒಂದು ಯಂತ್ರದ ಸುತ್ತ ಹತ್ತು ಮಂದಿ ನಿಂತರೆ ಅದು ಪ್ರದರ್ಶನ, ತರಗತಿಯಲ್ಲ. ಒಂದು ಯಂತ್ರಕ್ಕೆ ಮೂರು ನಾಲ್ಕು ಜನಕ್ಕಿಂತ ಹೆಚ್ಚಿರಬಾರದು. ಎಸ್‌ಪ್ರೆಸೊ ಕಲಿಸುವ ಒಳ್ಳೆಯ ಶಿಕ್ಷಕರು ಮಾಡುವ ಒಂದು ಪಾಠ ಹೀಗಿರುತ್ತದೆ: ಒಂದೇ ಬೀಜ, 18 ಗ್ರಾಂ ಪುಡಿ, ಲೋಟಕ್ಕೆ ಇಳಿಯುವುದು 36 ಗ್ರಾಂ ಕಾಫಿ. ಬದಲಾಗುವುದು ಪುಡಿಯ ನಯ ಮಾತ್ರ. ತರಿಯಾಗಿ ಬೀಸಿದ್ದು 15 ಸೆಕೆಂಡಿಗೇ ಸುರಿದುಬಿಡುತ್ತದೆ. ಕುಡಿದರೆ ಹುಳಿ, ಪೇಲವ. ತೀರಾ ನುಣ್ಣಗಾದದ್ದು 45 ಸೆಕೆಂಡು ತಿಣುಕಿ ತೊಟ್ಟಿಕ್ಕುತ್ತದೆ. ನಾಲಿಗೆ ಒಗರಾಗುವಷ್ಟು ಕಹಿ. ನಡುವೆ, 25ರಿಂದ 30 ಸೆಕೆಂಡಿನಲ್ಲಿ ಇಳಿದದ್ದರಲ್ಲಿ ಸಿಹಿ ಇರುತ್ತದೆ, ಸಕ್ಕರೆ ಹಾಕದೆಯೇ. ಈ ಮೂರು ಲೋಟಗಳನ್ನು ಒಂದರ ಪಕ್ಕ ಒಂದಿಟ್ಟು ಕುಡಿಸದ ಎಸ್‌ಪ್ರೆಸೊ ತರಗತಿಗೆ ಹೋಗಬೇಡಿ. ಕೆಟ್ಟ ಕಾಫಿ ಯಾಕೆ ಕೆಟ್ಟಿತು ಎಂದು ನಾಲಿಗೆಗೆ ಗೊತ್ತಾದರೆ ಮನೆಯಲ್ಲಿ ಅದನ್ನು ಸರಿಪಡಿಸುವವರು ನೀವೇ.

3. ಹಾಲು ನಿಮ್ಮದೇ ಇರಲಿ. ಕೆಫೆಯವರು ದಪ್ಪ ಹಾಲಿನಲ್ಲಿ ನೊರೆ ಎಬ್ಬಿಸಿ ತೋರಿಸುತ್ತಾರೆ. ಮನೆಗೆ ಬರುವುದು ನಂದಿನಿಯ ನೀಲಿ ಪ್ಯಾಕೆಟ್, ಅದರಲ್ಲಿ ಕೊಬ್ಬು ಶೇ. 3. ನೊರೆ ಏಳುತ್ತದೆ, ಆದರೆ ಶೇ. 6ರ ಸಮೃದ್ಧಿ ಹಾಲಿನಷ್ಟು ಮೈ ತುಂಬಿ ಬರುವುದಿಲ್ಲ. ನಿಮ್ಮ ಹಾಲನ್ನೇ ಒಯ್ದು ಅದರಲ್ಲೇ ಅಭ್ಯಾಸ ಮಾಡಿ. 60–65 ಡಿಗ್ರಿಗೆ ನಿಲ್ಲಿಸುವುದು ಕೈಗೆ ರೂಢಿಯಾಗಲಿ; 70 ದಾಟಿದರೆ ಸಿಹಿ ಮಾಯವಾಗಿ ಕಾದ ಹಾಲಿನ ವಾಸನೆ ಬರುತ್ತದೆ. ಯಂತ್ರ ಇರುವವರು ಮನೆಯಲ್ಲಿ ಹಾಲು ಪೋಲು ಮಾಡದೆ ಅಭ್ಯಾಸ ಮಾಡಲು ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ ಸ್ಟೀಮ್ ಕೊಡಿ. ಸುಳಿ ತಿರುಗುವ ರೀತಿ ಹಾಲಿನ ಹಾಗೆಯೇ ಇರುತ್ತದೆ. ಆಮೇಲೆ ಪಾತ್ರೆಯನ್ನೂ ಸ್ಟೀಮ್ ನಳಿಗೆಯನ್ನೂ ಚೆನ್ನಾಗಿ ತೊಳೆಯಿರಿ. ಹಾಲಿನ ಮೇಲೆ ಎಲೆ, ಹೃದಯ ಬಿಡಿಸುವುದು ಕೊನೆಗೆ ಕಲಿತರಾಯಿತು.

4. ಮಳೆಗಾಲದ ಮಾತು ಕೇಳಿ. ಬೆಂಗಳೂರಿನ ಒಣ ಹವೆಯಲ್ಲಿ ಕಲಿತ ಅಳತೆ ಕರಾವಳಿಯ ಆಟಿ ತಿಂಗಳಲ್ಲಿ ಕೈಕೊಡುತ್ತದೆ. ಹುರಿದ ಬೀಜ ಗಾಳಿಯ ತೇವವನ್ನು ಹೀರುತ್ತದೆ, ಪುಡಿಯಂತೂ ಇನ್ನೂ ಬೇಗ. ನಿನ್ನೆಯ ಗ್ರೈಂಡರ್ ಅಳತೆಗೆ ಇವತ್ತು ಬೇರೆ ವೇಗದಲ್ಲಿ ಕಾಫಿ ಇಳಿಯುತ್ತದೆ. ಸಣ್ಣ ಪ್ಯಾಕೆಟ್ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬೇಕಾದಷ್ಟನ್ನೇ ಬೀಸಿ. ಅದೇ ತೇವದಿಂದಲೇ ನಮ್ಮ ಮಾನ್ಸೂನ್ಡ್ ಮಲಬಾರ್ ಕಾಫಿ ಹುಟ್ಟುತ್ತದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗೋದಾಮುಗಳಲ್ಲಿ ಹಸಿ ಬೀಜ ಹರವಿ, ಕೆದಕಿ, ಕಡಲ ಗಾಳಿಗೆ ಊದಿಸಿ, ಹಳದಿ ತಿರುಗಿಸುತ್ತಾರೆ. ಹುಳಿ ಕಡಿಮೆಯಾಗಿ ಮೈ ದಪ್ಪವಾಗುವ ಈ ಕಾಫಿಯನ್ನು ಯುರೋಪಿನವರು ಎಸ್‌ಪ್ರೆಸೊ ಮಿಶ್ರಣಕ್ಕೆ ಬಳಸುತ್ತಾರೆ. ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಇದಕ್ಕಿದೆ. ತರಗತಿಯಲ್ಲಿ ಇದನ್ನು ಕೇಳಿ ರುಚಿ ನೋಡಿ; ನಮ್ಮ ಊರಿನ ಬೀಜ ನಮಗೇ ಅಪರಿಚಿತವಾಗಿರುವುದು ನನಗೆ ಬೇಸರದ ಸಂಗತಿ.

5. ಚಿಕೋರಿಯನ್ನು ಹೀಗಳೆಯುವ ಗುರು ಬೇಡ. ಚಿಕೋರಿ ನೀರು ಹೀರಿ ಉಬ್ಬಿ ಡಿಕಾಕ್ಷನ್ ನಿಧಾನಕ್ಕೆ ಇಳಿಯುವಂತೆ ಮಾಡುತ್ತದೆ. ಫಿಲ್ಟರಿಗೆ ಅದು ಹೊಂದುತ್ತದೆ, ಎಸ್‌ಪ್ರೆಸೊ ಯಂತ್ರವನ್ನು ಮಾತ್ರ ಕಟ್ಟಿಸಿಬಿಡುತ್ತದೆ. ಇದನ್ನು ವಿವರಿಸುವವರು ಬೇಕು, ಮೂಗು ಮುರಿಯುವವರಲ್ಲ.

6. ದೂರ ಹೋಗುವುದಾದರೆ ಸರಿಯಾದ ಕಡೆ ಹೋಗಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೆ, ನಮಗೆ ಹತ್ತಿರವೂ ಹೌದು. ಆದರೆ ಅದು ತಳಿ, ಮಣ್ಣು, ರೋಗದ ಕೆಲಸ ಮಾಡುವ, ಬೆಳೆಗಾರರಿಗಾಗಿ ಇರುವ ಸಂಸ್ಥೆ. ಹುರಿಯುವುದು, ಕಾಫಿ ತಯಾರಿಸುವುದು ಕಲಿಯಬೇಕಾದರೆ ಬೆಂಗಳೂರಿನ ಕಾಫಿ ಮಂಡಳಿಯ 'ಕಾಪಿ ಶಾಸ್ತ್ರ' ತರಬೇತಿಯ ಪ್ರಕಟಣೆ ನೋಡುತ್ತಿರಿ. ಖಾಸಗಿ ತರಗತಿಗಳಿಗಿಂತ ಮೊದಲು ನಾನು ಅದನ್ನೇ ಹೇಳುತ್ತೇನೆ.

7. ಊರಲ್ಲೇ ಕಲಿಯಬೇಕೇ? ಸುರತ್ಕಲ್ ಕಡೆಯದೋ ಪೇಟೆಯದೋ, ತಾವೇ ಬೀಜ ಬೀಸಿ ಕಾಫಿ ಮಾಡುವ ಕೆಫೆಗೆ ಮಧ್ಯಾಹ್ನ ಮೂರರ ಹೊತ್ತಿಗೆ, ಗಿರಾಕಿಗಳಿಲ್ಲದಾಗ ಹೋಗಿ. ಮೂರು ಜನ ಸೇರಿ ಎರಡು ಗಂಟೆಗೆ ಇಷ್ಟು ಎಂದು ಹಣ ಕೊಟ್ಟು ಕೇಳಿದರೆ ಕಲಿಸುವವರಿದ್ದಾರೆ. ಪುಕ್ಕಟೆ ಕೇಳಬೇಡಿ, ಅವರ ಬೀಜ, ಹಾಲು, ಸಮಯ ಎಲ್ಲಕ್ಕೂ ಬೆಲೆ ಇದೆ.

ಮಂಗಳೂರಿನ ಕಾಫಿ ರಫ್ತುದಾರರಲ್ಲಿ ಕೊನೆಗೊಂದು ಕೋರಿಕೆ. ವಿದೇಶಿ ಖರೀದಿದಾರರಿಗಾಗಿ ನೀವು ಕಾಫಿ ಸುರಿದು ರುಚಿ ನೋಡುವ ಮೇಜನ್ನು ತಿಂಗಳಿಗೊಂದು ಭಾನುವಾರ ಊರಿನವರಿಗೂ ತೆರೆಯಿರಿ. ಶುಲ್ಕ ಇಡಿ, ನಾವು ಕೊಟ್ಟು ಬರುತ್ತೇವೆ.