ಬೋರ್‌ಹ್ಯಾಮ್‌ವುಡ್: ಚಿತ್ರಶಾಲೆಗಳ ಊರು

ಲಂಡನ್ ಮಹಾನಗರದ ನಡುಭಾಗದಿಂದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರುಗಳ ದೂರದಲ್ಲಿ ಬೋರ್‌ಹ್ಯಾಮ್‌ವುಡ್ ಎಂಬ ಊರಿದೆ. ಬೆಳಗಾದೊಡನೆ ಇಲ್ಲಿನ ನಿವಾಸಿಗಳಲ್ಲಿ ಅನೇಕರು ರೈಲನ್ನೇರಿ ಲಂಡನ್ನಿಗೆ ದುಡಿಮೆಗೆ ತೆರಳುತ್ತಾರೆ, ಸಂಜೆ ಹಿಂದಿರುಗುತ್ತಾರೆ. ಮಹಾನಗರಗಳ ಅಂಚಿನಲ್ಲಿ ಇಂತಹ ಊರುಗಳು ಎಷ್ಟೋ ಇವೆ. ಆದರೆ ಈ ಊರಿಗೆ ದುಡಿಮೆಗಾಗಿ ಹೊರಗಿನಿಂದ ಬರುವವರೂ ಉಂಟು. ಅವರು ನಟರು, ಛಾಯಾಗ್ರಾಹಕರು, ಬಡಗಿಗಳು, ಬಣ್ಣಗಾರರು. ಚಲನಚಿತ್ರ ಮತ್ತು ಟೆಲಿವಿಷನ್ ಸ್ಟುಡಿಯೋಗಳೇ ಈ ಊರಿನ ಹಿರಿಮೆ. ಆದರೂ ಆ ಕೀರ್ತಿ ಸಂದಿರುವುದು ನೆರೆಯ ಹಳೆಯ ಹಳ್ಳಿಯಾದ ಎಲ್‌ಸ್ಟ್ರೀಯ ಹೆಸರಿಗೆ! ಇಲ್ಲಿನ ಸ್ಟುಡಿಯೋಗಳನ್ನು ಲೋಕವೆಲ್ಲ ಆ ಹೆಸರಿನಿಂದಲೇ ಬಲ್ಲುದು.

1868ರಲ್ಲಿ ಇಲ್ಲಿಗೆ ರೈಲುಮಾರ್ಗ ಬಂದಿತು. ಚಿತ್ರೀಕರಣಕ್ಕೆ ತಿಳಿಯಾದ ಗಾಳಿ, ಬೆಳಕುಗಳು ಬೇಕು. ಲಂಡನ್ನಿನ ಹೊಗೆಮಂಜಿಗೆ ದೂರವಾಗಿಯೂ ರೈಲಿಗೆ ಹತ್ತಿರವಾಗಿಯೂ ಇದ್ದ ಈ ಬಯಲು ನಿರ್ಮಾಪಕರಿಗೆ ಮೆಚ್ಚಿಕೆಯಾಯಿತು. 1914ರಲ್ಲಿ ನೆಪ್ಚೂನ್ ಸ್ಟುಡಿಯೋ ತಲೆಯೆತ್ತಿತು. ಮುಂದೆ ಒಂದರ ಬಳಿಕ ಒಂದರಂತೆ ಇತರ ಸ್ಟುಡಿಯೋಗಳು ಬೆಳೆದವು.

ಆಲ್‌ಫ್ರೆಡ್ ಹಿಚ್‌ಕಾಕ್ ಅವರು ಇಲ್ಲಿ 'ಬ್ಲ್ಯಾಕ್‌ಮೇಲ್' ಎಂಬ ಮೂಕಚಿತ್ರವನ್ನು ತಯಾರಿಸುತ್ತಿದ್ದಾಗ ಧ್ವನಿಗ್ರಹಣ ಯಂತ್ರ ಬಳಕೆಗೆ ಬಂದಿತು. ಚಿತ್ರವನ್ನು ವಾಕ್ಚಿತ್ರವಾಗಿಸಲು ತೀರ್ಮಾನವಾಯಿತು. ಆದರೆ ನಾಯಕಿ ಆನಿ ಓಂಡ್ರಾ ಅವರ ಇಂಗ್ಲಿಷಿನಲ್ಲಿ ಪರದೇಶದ ಉಚ್ಚಾರಣೆಯಿತ್ತು. ಚಿತ್ರೀಕರಣದ ಬಳಿಕ ಬೇರೊಬ್ಬರ ಧ್ವನಿಯನ್ನು ಸೇರಿಸುವ ಸೌಕರ್ಯ ಆಗಿರಲಿಲ್ಲ. ಅದಕ್ಕಾಗಿ ಓಂಡ್ರಾ ಕ್ಯಾಮೆರಾದ ಮುಂದೆ ತುಟಿಯಾಡಿಸಿದರು. ಜೋನ್ ಬ್ಯಾರಿ ಎಂಬ ನಟಿ ಮರೆಯಲ್ಲಿ ನಿಂತು ಮಾತುಗಳನ್ನಾಡಿದರು. 1929ರಲ್ಲಿ ತೆರೆಕಂಡ ಈ ಚಿತ್ರವು ಬ್ರಿಟನ್ನಿನ ಮೊದಲ ವಾಕ್ಚಿತ್ರಗಳಲ್ಲಿ ಒಂದೆಂದು ಪ್ರಸಿದ್ಧವಾಯಿತು.

ಊರಿನ ಎಂ.ಜಿ.ಎಂ. ಸ್ಟುಡಿಯೋದಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ '2001: ಎ ಸ್ಪೇಸ್ ಒಡಿಸ್ಸಿ' ರೂಪುಗೊಂಡು 1968ರಲ್ಲಿ ಬಿಡುಗಡೆಯಾಯಿತು. ಎರಡೇ ವರ್ಷಗಳಲ್ಲಿ ಆ ಸ್ಟುಡಿಯೋ ಮುಚ್ಚಿತು. ಎಲ್‌ಸ್ಟ್ರೀ ಸ್ಟುಡಿಯೋ ಮಾತ್ರ ಉಳಿಯಿತು. 1976ರಲ್ಲಿ ಜಾರ್ಜ್ ಲ್ಯೂಕಾಸ್ ಅವರ 'ಸ್ಟಾರ್ ವಾರ್ಸ್' ಚಿತ್ರೀಕರಣಕ್ಕೆ ಅದರ ವಿಶಾಲವಾದ ಅಂಗಣಗಳು ಒದಗಿದವು.

1988ರಲ್ಲಿ ಎಲ್‌ಸ್ಟ್ರೀ ಸ್ಟುಡಿಯೋಗೂ ಆಪತ್ತು ಬಂದಿತು. ಅದು ಮಾರಾಟವಾಯಿತು; ಜಾಗದ ಒಂದು ಭಾಗದಲ್ಲಿ ದೊಡ್ಡ ಅಂಗಡಿಯೊಂದು ಎದ್ದಿತು. ಹಲವು ಚಿತ್ರೀಕರಣ ಅಂಗಣಗಳು ನೆಲಸಮವಾದವು. ಅಂಗಡಿಯನ್ನು ಯಾವ ಊರಿನಲ್ಲಾದರೂ ಕಟ್ಟಬಹುದು; ತಲೆಮಾರುಗಳಿಂದ ಕುದುರಿದ ಕುಶಲತೆಯನ್ನು ಹಾಗೆ ಕಟ್ಟಲಾಗದು. ಇದನ್ನರಿತ ಜನರು ಸ್ಟುಡಿಯೋವನ್ನು ಉಳಿಸಲು ಚಳವಳಿ ಹೂಡಿದರು. ಅವರ ಛಲ ವ್ಯರ್ಥವಾಗಲಿಲ್ಲ. 1996ರಲ್ಲಿ ಹರ್ಟ್ಸ್‌ಮಿಯರ್ ಪುರಸಭೆಯೇ ಉಳಿದ ಭಾಗವನ್ನು ಕೊಂಡುಕೊಂಡಿತು. 1999ರಲ್ಲಿ ಹೊಸ ಅಂಗಣಗಳು ಸಿದ್ಧವಾದವು. ಅವುಗಳಿಗೆ ಲ್ಯೂಕಾಸ್ ಅವರ ಹೆಸರಿದೆ.

ನೆಪ್ಚೂನ್ ಸ್ಟುಡಿಯೋ ಇದ್ದ ಸ್ಥಳವನ್ನು 1984ರಲ್ಲಿ ಬಿ.ಬಿ.ಸಿ. ಕೊಂಡಿತು. 1985ರಿಂದ ಪ್ರಸಾರವಾಗುತ್ತಿರುವ 'ಈಸ್ಟ್‌ಎಂಡರ್ಸ್' ಧಾರಾವಾಹಿ ಅಲ್ಲಿ ತಯಾರಾಗುತ್ತದೆ. ಅದರ ಬೀದಿ, ಅಂಗಡಿ, ಮನೆಗಳೆಲ್ಲವೂ ಕಟ್ಟಿ ನಿಲ್ಲಿಸಿದ ದೃಶ್ಯಗಳು. 2022ರಲ್ಲಿ ಮತ್ತೊಂದು ದೊಡ್ಡ ಸ್ಟುಡಿಯೋ ತೆರೆಯಿತು.

ತೆರೆಯ ಮೇಲಿನ ಊರುಗಳು ಹಲಗೆ, ಬಣ್ಣಗಳಿಂದಾದವು. ಕೆಲಸ ಮುಗಿದೊಡನೆ ಅಳಿಯುತ್ತವೆ. ಅವನ್ನು ಕಟ್ಟುವ ಕೈಗಳ ಕಸುಬು ಅಳಿಯದಂತೆ ನೋಡಿಕೊಂಡುದೇ ಈ ಪುಟ್ಟ ಊರಿನ ದೊಡ್ಡ ಸಾಧನೆ.

ಅಭ್ಯಾಸ

1. ನಿರ್ಮಾಪಕರು ಬೋರ್‌ಹ್ಯಾಮ್‌ವುಡ್ಡನ್ನು ಮೆಚ್ಚಲು ಕಾರಣಗಳೇನು?
2. 'ಬ್ಲ್ಯಾಕ್‌ಮೇಲ್' ಚಿತ್ರದ ನಾಯಕಿಗೆ ಧ್ವನಿ ಒದಗಿದ ಬಗೆಯನ್ನು ವಿವರಿಸಿರಿ.
3. ಪುರಸಭೆಯು ಸ್ಟುಡಿಯೋವನ್ನು ಕೊಂಡುದು ಸರಿಯೇ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.