ಆವಿಷ್ಕಾರವೂ ಅದರ ವಿವರಣೆಯೂ

ಪೇಟೆಂಟು ಎಂಬುದು ಪ್ರಭುತ್ವವು ಸಂಶೋಧಕನಿಗೆ ನೀಡುವ ಕಾಲಮಿತಿಯುಳ್ಳ ಏಕಸ್ವಾಮ್ಯ. ಈ ಹಕ್ಕು ಪುಕ್ಕಟೆಯಾಗಿ ದೊರೆಯತಕ್ಕದ್ದಲ್ಲ. ವಿವರಣೆಯೇ ಅದರ ಬೆಲೆ. ಆ ಕಸುಬನ್ನು ಬಲ್ಲ ಬೇರೊಬ್ಬನು ಓದಿ, ಸಂಶೋಧಕನ ನೆರವಿಲ್ಲದೆ ಅದೇ ವಸ್ತುವನ್ನು ಸಿದ್ಧಪಡಿಸಬಲ್ಲಂತೆ ಬರೆದುಕೊಡಬೇಕು. ಅವಧಿ ತೀರಿದ ಬಳಿಕ ಆ ಜ್ಞಾನವು ಸರ್ವರ ಸ್ವತ್ತಾಗುತ್ತದೆ. ವಿವರಣೆಯು ಅರೆಬರೆಯಾದರೆ ಸಮಾಜವು ಹಕ್ಕನ್ನು ಕೊಟ್ಟೂ ಬರಿಗೈಯಲ್ಲಿ ಉಳಿಯುತ್ತದೆ.

ಅಮೆರಿಕದ ವಿದ್ಯುದ್ದೀಪದ ವ್ಯಾಜ್ಯವು ಇದಕ್ಕೆ ಒಳ್ಳೆಯ ನಿದರ್ಶನ. ಸಾಯರ್ ಮತ್ತು ಮ್ಯಾನ್ ಎಂಬಿಬ್ಬರು ಕಾಗದವನ್ನೂ ಮರವನ್ನೂ ಇದ್ದಿಲಾಗಿಸಿ ದೀಪದೊಳಗೆ ಉರಿಸಿ ನೋಡಿದ್ದರು. ಆದರೆ 1885ರಲ್ಲಿ ದೊರೆತ ಪೇಟೆಂಟಿನಲ್ಲಿ ಅವರು ಕೇಳಿದ್ದು ನಾರುಳ್ಳ ಹಾಗೂ ನೂಲಿನ ಸಮಸ್ತ ಪದಾರ್ಥಗಳ ಇದ್ದಿಲಿನ ಮೇಲಿನ ಹಕ್ಕನ್ನು! ಮಾಡಿದ್ದು ಗೇಣು, ಬೇಡಿದ್ದು ಗಾವುದ. ಎಡಿಸನ್ನನಾದರೋ ಬೀಸಣಿಗೆಯೊಂದರ ಅಂಚಿಗೆ ಕಟ್ಟಿದ್ದ ಬಿದಿರಿನ ಸೀಳನ್ನು ಪರೀಕ್ಷಿಸಿ, ಅದರ ಗುಣವನ್ನು ಕಂಡು, ದೇಶದೇಶಗಳಿಗೆ ಜನರನ್ನು ಅಟ್ಟಿದನು. ಆರು ಸಾವಿರಕ್ಕೂ ಮಿಕ್ಕ ಸಸ್ಯಗಳ ಪರೀಕ್ಷೆ ನಡೆಯಿತು. ತಕ್ಕವಾಗಿ ಕಂಡದ್ದು ಮುಖ್ಯವಾಗಿ ಮೂರು ಬಗೆಯ ಬಿದಿರು ಮಾತ್ರ. ಅದರ ನಾರುಗಳು ಉದ್ದಕ್ಕೂ ಸಮಾನಾಂತರವಾಗಿ ಸಾಗುವುದರಿಂದ ಇದ್ದಿಲಿನ ಎಳೆಯು ಏಕರೂಪವಾಗಿ ಬರುತ್ತಿತ್ತು.

1895ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸಾಯರ್ ಮತ್ತು ಮ್ಯಾನರ ಹಕ್ಕನ್ನು ತಳ್ಳಿಹಾಕಿತು. ನಾರುಳ್ಳ ಪದಾರ್ಥಗಳೆಲ್ಲಕ್ಕೂ ಸಮಾನವಾದ ಯಾವುದೋ ವಿಶೇಷ ಗುಣವನ್ನು ಅವರು ಕಂಡುಹಿಡಿದಿದ್ದರೆ ಮಾತು ಬೇರೆಯಿತ್ತು. ಅಂಥ ಗುಣವೇ ಇರಲಿಲ್ಲ. ಅವರ ಬರಹವನ್ನು ನಂಬಿದವನು ಮತ್ತೆ ಸಾವಿರಾರು ಗಿಡಮರಗಳನ್ನು ಸುಟ್ಟು ನೋಡಬೇಕಾಗಿತ್ತು. ಕ್ರಮವನ್ನು ಬಿಟ್ಟು ಉತ್ತರವನ್ನಷ್ಟೇ ಬರೆದ ಲೆಕ್ಕಕ್ಕೆ ಅಂಕ ಕೊಡದ ಉಪಾಧ್ಯಾಯರಿಗೆ ಈ ತೀರ್ಪು ಹೊಸದೆನಿಸಲಾರದು.

ನಮ್ಮ ದೇಶದ 1970ರ ಪೇಟೆಂಟ್ ಕಾಯಿದೆಯ 10ನೆಯ ಪ್ರಕರಣವೂ ಇದನ್ನೇ ವಿಧಿಸುತ್ತದೆ. ಆವಿಷ್ಕಾರವನ್ನೂ, ಅದರ ಕಾರ್ಯವನ್ನೂ, ನೆರವೇರಿಸುವ ವಿಧಾನವನ್ನೂ ಪೂರ್ಣವಾಗಿ ತಿಳಿಸಬೇಕು. ಅಷ್ಟೇ ಅಲ್ಲ, ಅರ್ಜಿದಾರನಿಗೆ ತಿಳಿದಿರುವ ಅತ್ಯುತ್ತಮ ವಿಧಾನವನ್ನೇ ಹೇಳಬೇಕು. ಅದನ್ನು ಬಚ್ಚಿಟ್ಟು ಎರಡನೆಯ ದರ್ಜೆಯದನ್ನು ಬರೆದರೆ 64ನೆಯ ಪ್ರಕರಣದ ಮೇರೆಗೆ ಪೇಟೆಂಟು ರದ್ದಾಗಬಹುದು. ಮೊದಲು ತಾತ್ಕಾಲಿಕ ವಿವರಣೆಯನ್ನು ಸಲ್ಲಿಸಿದವನು ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆಯನ್ನು ಒಪ್ಪಿಸಬೇಕು. ಮಾತಿಗೆ ನಿಲುಕದ ಸಂಗತಿಗಳೂ ಉಂಟು. ಹೊಸ ಸೂಕ್ಷ್ಮಾಣುಜೀವಿಯೊಂದನ್ನು ಎಷ್ಟು ಬಣ್ಣಿಸಿದರೂ ಓದುಗನು ಅದನ್ನು ಪಡೆಯಲಾರನು. ಆದ್ದರಿಂದ ಅಂಥಲ್ಲಿ ಜೀವಿಯನ್ನೇ ಮಾನ್ಯತೆಯುಳ್ಳ ಸಂಗ್ರಹಾಗಾರದಲ್ಲಿ ಒಪ್ಪಿಸಿ, ಅದರ ಸಂಖ್ಯೆಯನ್ನು ಅರ್ಜಿಯಲ್ಲಿ ಕಾಣಿಸಬೇಕು. ಚಂಡೀಗಢದಲ್ಲಿ ಅಂಥದೊಂದು ಸಂಗ್ರಹಾಗಾರವಿದೆ.