ಹಿತ್ತಲಿನಲ್ಲೇ ಇರುವ ಕಾಣದ ಲೋಕ



ನಿಮ್ಮ ಹಿತ್ತಲಿನಲ್ಲಿ ಮಾವಿನ ಮರವಿದ್ದರೆ ಅದರಲ್ಲಿ ಚಗಳಿ ಇರುವೆಗಳ ಗೂಡನ್ನು ಖಂಡಿತ ನೋಡಿರುತ್ತೀರಿ. ಕಾಯಿ ಕೀಳಲು ಹೋಗಿ ಕಚ್ಚಿಸಿಕೊಂಡೂ ಇರುತ್ತೀರಿ. ಹಸಿರೆಲೆಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದಿರುವ ಆ ಗೂಡಿಗೆ ದಾರ ಎಲ್ಲಿಂದ ಬಂತು ಎಂದು ಯಾವತ್ತಾದರೂ ಯೋಚಿಸಿದ್ದೀರಾ?

ಬೆಳೆದ ಇರುವೆಗೆ ದಾರ ಬಿಡಲು ಬರುವುದಿಲ್ಲ. ಅದರ ಮರಿಹುಳುಗಳಿಗೆ ಬರುತ್ತದೆ. ಕೆಲವು ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಎಳೆದು ಹಿಡಿಯುತ್ತವೆ. ಬೇರೆ ಇರುವೆಗಳು ಗೂಡಿನಿಂದ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು, ದರ್ಜಿಯು ಸೂಜಿ ಆಡಿಸುವ ಹಾಗೆ, ಈ ಅಂಚಿನಿಂದ ಆ ಅಂಚಿಗೆ ಆಡಿಸುತ್ತವೆ. ಮರಿಹುಳು ಬಿಡುವ ರೇಷ್ಮೆಯಂಥ ಎಳೆಯೇ ಹೊಲಿಗೆ. ಐವತ್ತು ವರ್ಷ ಅದೇ ಮರದ ಕೆಳಗೆ ಓಡಾಡಿದ ನನಗೆ ಇದು ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಫೋಟೋದಿಂದ. ಆ ಫೋಟೋ ತೆಗೆದವಳಿಗೆ ನಾನು ಅದಕ್ಕಾಗಿ ಬೈದಿದ್ದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಕಳೆದ ಮಳೆಗಾಲದಲ್ಲಿ ನನ್ನ ಅಮ್ಮ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೂ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ದಿನವೂ ಬೆಳಗಿನ ಪೂಜೆಗೆ ನಡೆದು ಹೋಗುತ್ತಿದ್ದವರು, ನಲವತ್ತು ವರ್ಷ ಆ ಅಂಗಳ ಗುಡಿಸಿದವರು, ಗೋಡೆ ನೋಡುತ್ತಾ ಮಲಗಿಬಿಟ್ಟರು. ಮಾತು ಕಡಿಮೆಯಾಯಿತು. ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗಳಿಗೆ ಸಂಜೆ ಹೊತ್ತು ಅಜ್ಜಿಯ ಹತ್ತಿರ ಕುಳಿತಿರು ಎಂದು ಹೇಳಿದ್ದೆ. ನಾನು ಕೆಲಸದಿಂದ ಬಂದಾಗ ಅವಳು ಮಾವಿನ ಮರಕ್ಕೆ ಮೊಬೈಲ್ ಹಿಡಿದುಕೊಂಡು ನಿಂತಿದ್ದಳು.

“ಅಜ್ಜಿ ಹಾಸಿಗೆ ಹಿಡಿದಿರುವಾಗ ನಿನಗೆ ಇರುವೆ ಜೊತೆ ಆಟವಾ?” ಎಂದು ಗದರಿದೆ. ಅಮ್ಮನಿಗೂ ಕೇಳಿಸುವಂತೆಯೇ ಗದರಿದೆ. ಅವಳು ಮಾತಾಡದೆ ಒಳಗೆ ಬಂದು ಮೊಬೈಲನ್ನು ಅಜ್ಜಿಯ ಮಂಚದ ಮೇಲಿಟ್ಟು ಅಡಿಗೆಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಅಮ್ಮ ಕರೆದರು. ಮೊಬೈಲನ್ನು ಮೂಗಿನ ಹತ್ತಿರ ಹಿಡಿದುಕೊಂಡಿದ್ದರು. “ಇಲ್ಲಿ ನೋಡೋ, ಇದಕ್ಕೆ ಎಂಟು ಕಾಲಿದೆ. ಇರುವೆಗೆ ಆರೇ ಅಲ್ವಾ?”

ನಾನು ಎಣಿಸಿದೆ. ಎಂಟೇ! ಅದು ಇರುವೆಯಲ್ಲ, ಜೇಡ. ಬಣ್ಣ, ಸಣ್ಣ ಸೊಂಟ, ನಡೆಯುವ ರೀತಿ ಎಲ್ಲವೂ ಚಗಳಿಯದೇ. ಇರುವೆಗೆ ತಲೆಯ ಮೇಲೆ ಎರಡು ಮೀಸೆಗಳಿರುತ್ತವೆ, ಜೇಡಕ್ಕೆ ಇರುವುದಿಲ್ಲ. ಅದಕ್ಕಾಗಿ ಈ ಜೇಡ ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತದೆ. ಚಗಳಿಯ ಕಡಿತಕ್ಕೂ ಅದು ಚಿಮ್ಮಿಸುವ ಹುಳಿ ದ್ರವಕ್ಕೂ ಹೆದರಿ ಅನೇಕ ಪ್ರಾಣಿಗಳು ಅದರ ತಂಟೆಗೆ ಹೋಗುವುದಿಲ್ಲ. ಆ ಹೆದರಿಕೆಯೇ ಜೇಡಕ್ಕೆ ರಕ್ಷೆ. ತಮಾಷೆಯೆಂದರೆ ಸ್ವತಃ ಈ ಜೇಡವೂ ಚಗಳಿಗಳಿಗೆ ಹೆದರಿ ದೂರವೇ ಓಡಾಡುತ್ತದೆ. ಎಲೆಯನ್ನು ಅಲುಗಿಸಿದರೆ ನೂಲು ಬಿಟ್ಟು ಕೆಳಗೆ ಜೋತುಬೀಳುತ್ತದೆ. ಅಲ್ಲಿ ಅದರ ಗುಟ್ಟು ಬಯಲು. ಹಿಂದಿನ ಫೋಟೋಗಳನ್ನು ನೋಡುತ್ತಾ ಹೋದಾಗ, ಬಾಯಲ್ಲಿ ಬಿಳಿಯ ಮರಿಹುಳು ಹಿಡಿದು ಎಲೆ ಹೊಲಿಯುತ್ತಿದ್ದ ಇರುವೆಯೂ ಸಿಕ್ಕಿತು.

ಅಂದು ಜಪಸರ ಪ್ರಾರ್ಥನೆ ಮುಗಿದ ಮೇಲೆ ಅಮ್ಮ ಮೊಮ್ಮಗಳನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಬಚ್ಚಲ ಹಿಂದಿನ ಗೋಡೆಯಲ್ಲಿ ಏನಿದೆ, ಕರಿಬೇವಿನ ಗಿಡದಲ್ಲಿ ಯಾವ ಹುಳು ಬರುತ್ತದೆ, ಎಲ್ಲವನ್ನೂ ಹೇಳಿಕೊಟ್ಟರು. ನಾನು ಮಗಳಿಗೆ ‘ತಪ್ಪಾಯಿತು’ ಎನ್ನಲು ಎರಡು ದಿನ ತೆಗೆದುಕೊಂಡೆ.

ಮಕ್ಕಳ ಇಂಥ ಹುಚ್ಚಿಗೆ ಬೈಯುವ ತಂದೆ ನಾನೊಬ್ಬನೇ ಅಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಹಳ್ಳಿಯಲ್ಲಿ 1865ರಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನ ಮಗ ಹುಟ್ಟಿದ. ಹಸು ಸಾಕಿ ಹಾಲು ಕರೆಯುವ ಮನೆತನ. ತಾಯಿ ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಹುಡುಗನಿಗೆ 15 ವರ್ಷವಾದಾಗ ಹಳೆಯದೊಂದು ಸೂಕ್ಷ್ಮದರ್ಶಕ ಕೊಟ್ಟರು. ಅವನು ಅದರಡಿ ಹಿಮದ ಹರಳನ್ನಿಟ್ಟು ನೋಡಿ ಬೆರಗಾದ. ಚಿತ್ರ ಬರೆದುಕೊಳ್ಳಲು ಹೋದರೆ ಬರೆಯುವಷ್ಟರಲ್ಲಿ ಹರಳು ಕರಗಿಹೋಗುತ್ತಿತ್ತು. ಫೋಟೋ ತೆಗೆಯುವುದೊಂದೇ ದಾರಿ ಎಂದು ಅವನಿಗೆ ಹೊಳೆಯಿತು. ಆದರೆ ಅದಕ್ಕೆ ಬೇಕಾದ ಕ್ಯಾಮೆರಾ ಮತ್ತು ಸೂಕ್ಷ್ಮದರ್ಶಕದ ಬೆಲೆ ಆ ಕಾಲದಲ್ಲಿ ಸುಮಾರು 100 ಡಾಲರ್. ಹಿಮದ ಫೋಟೋ ಎಂಬುದೇ ಅರ್ಥವಿಲ್ಲದ ಕೆಲಸವೆಂದು ತಂದೆಯ ಅಭಿಪ್ರಾಯ. ಆದರೂ ಕೊನೆಗೆ ಕೊಡಿಸಿದರು. ಕೆಲಸವನ್ನು ಮೆಚ್ಚದೆಯೇ ಮಗನಿಗಾಗಿ ದುಡ್ಡು ಬಿಚ್ಚಿದ ಆ ತಂದೆಯ ಬಗ್ಗೆ ನನಗೆ ಗೌರವವಿದೆ.

1885ರ ಜನವರಿ 15ರಂದು, ಇನ್ನೂ 20 ತುಂಬದ ಬೆಂಟ್ಲಿ ಹಿಮದ ಒಂಟಿ ಹರಳಿನ ಮೊದಲ ಫೋಟೋ ತೆಗೆದ. ಬೆಂಕಿ ಕಾಯಿಸದ ತಣ್ಣನೆಯ ಕೊಠಡಿಯಲ್ಲಿ ಕೆಲಸ. ಕಪ್ಪು ಹಲಗೆಯ ಮೇಲೆ ಬಿದ್ದ ಹರಳುಗಳಲ್ಲಿ ಒಂದನ್ನು ಆರಿಸಿ, ಸಣ್ಣ ಕಡ್ಡಿಯಿಂದ ಗಾಜಿನ ತುಂಡಿನ ಮೇಲಿಟ್ಟು, ಉಸಿರು ತಾಗಿದರೆ ಕರಗೀತೆಂದು ಉಸಿರು ಬಿಗಿಹಿಡಿದು ಫೋಟೋ ತೆಗೆಯಬೇಕು. ಹೀಗೆ ಅವನು ಜೀವಮಾನದಲ್ಲಿ ತೆಗೆದ ಹರಳುಗಳ ಚಿತ್ರಗಳು 5000ಕ್ಕೂ ಹೆಚ್ಚು. ನೀರಿನ ಕಣಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಗೆ ಬರುವುದರಿಂದ ಹರಳುಗಳು ಸಾಮಾನ್ಯವಾಗಿ ಆರು ಮುಖದವು. ಆದರೆ ಮೋಡದಲ್ಲಿ ಪ್ರತಿಯೊಂದೂ ಹಾದುಬರುವ ಚಳಿ, ತೇವ ಬೇರೆ ಬೇರೆಯಾದ್ದರಿಂದ ಕುಸುರಿ ಬೇರೆ ಬೇರೆ. ಒಂದರಂತೆ ಇನ್ನೊಂದಿಲ್ಲ ಎಂಬ ಮಾತು ಲೋಕದಲ್ಲಿ ಹರಡಿದ್ದು ಬೆಂಟ್ಲಿಯಿಂದಲೇ. 1931ರಲ್ಲಿ 2400ಕ್ಕೂ ಹೆಚ್ಚು ಚಿತ್ರಗಳಿರುವ ಅವನ ಪುಸ್ತಕ ಹೊರಬಂತು. ಅದೇ ವರ್ಷ ಹಿಮಗಾಳಿಯಲ್ಲಿ ನಡೆದು ಮನೆಗೆ ಬಂದು ನ್ಯುಮೋನಿಯಾಕ್ಕೆ ತುತ್ತಾಗಿ, ಕ್ರಿಸ್ತಜಯಂತಿಗೆ ಎರಡು ದಿನ ಮುಂಚೆ ತೀರಿಕೊಂಡ. ಕೊನೆಯವರೆಗೂ ಅವನು ರೈತನೇ. ಹುಟ್ಟಿದ ಊರು ಬಿಡಲಿಲ್ಲ.

ನಮ್ಮಲ್ಲಿ ಹಿಮವಿಲ್ಲ, ನಿಜ. ಮಳೆಯಿದೆಯಲ್ಲ! ಬೆಂಟ್ಲಿ ಮಳೆಹನಿಯನ್ನೂ ಬಿಟ್ಟವನಲ್ಲ. ಹನಿಯ ಗಾತ್ರ ಅಳೆಯಲು ಅವನು ಕಂಡುಕೊಂಡ ಉಪಾಯ ಯಾವ ಅಡಿಗೆಮನೆಯಲ್ಲೂ ಸಾಧ್ಯ. ಅಗಲವಾದ ತಟ್ಟೆಯಲ್ಲಿ ಒಂದು ಅಂಗುಲ ದಪ್ಪಕ್ಕೆ ಜರಡಿ ಹಿಡಿದ ಮೈದಾಹಿಟ್ಟು ಹರಡಿ, ಮಳೆಯಲ್ಲಿ ಕೆಲವೇ ಸೆಕೆಂಡು ಹಿಡಿದು ಒಳಗೆ ತನ್ನಿ. ಬಿದ್ದ ಪ್ರತಿ ಹನಿಯೂ ಹಿಟ್ಟಿನ ಗುಂಡಾಗಿರುತ್ತದೆ. ಒಣಗಿದ ಮೇಲೆ ಜರಡಿ ಹಿಡಿದು ಗುಂಡುಗಳನ್ನು ಸಾಲಾಗಿಟ್ಟು, ಪಕ್ಕದಲ್ಲಿ ಶಾಲೆಯ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಗುಡುಗುಮಳೆಯ ದಿನದ ಗುಂಡುಗಳನ್ನೂ ಜಿಟಿಜಿಟಿ ಮಳೆಯ ದಿನದವನ್ನೂ ಹೋಲಿಸಿ ನೋಡಿ. ಒಂದು ಬಟ್ಟಲು ಹಿಟ್ಟು ಹಾಳಾಯಿತೆಂದು ಮನೆಯೊಡತಿ ಗೊಣಗಬಹುದು, ನಮ್ಮಲ್ಲಿ ಗೊಣಗಿದರು.

ಇನ್ನು ಹತ್ತಿರದ ಫೋಟೋ ತೆಗೆಯುವ ಬಗೆ. ದೊಡ್ಡ ಕ್ಯಾಮೆರಾ ಬೇಕಾಗಿಲ್ಲ. ಮೊಬೈಲಿಗೆ ಸಿಕ್ಕಿಸುವ ಸಣ್ಣ ಭೂತಗನ್ನಡಿ ಅಂಗಡಿಗಳಲ್ಲಿ ಸಿಗುತ್ತದೆ. ಅದೂ ಇಲ್ಲವೆಂದರೆ ಅಜ್ಜನ ಕಾಲದ ಕೈಗನ್ನಡಿಯನ್ನು, ಅಂದರೆ ಪತ್ರಿಕೆ ಓದುವ ಭೂತಗನ್ನಡಿಯನ್ನು, ಮೊಬೈಲಿನ ಕಣ್ಣಿಗೆ ಒತ್ತಿ ಹಿಡಿದರೂ ಆದೀತು. ಮನೆಯಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾದ 50 ಮಿಲಿಮೀಟರ್ ಲೆನ್ಸ್ ಬಿದ್ದಿದ್ದರೆ ನೀವು ಅದೃಷ್ಟವಂತರು. ಅದನ್ನು ಹಿಂದುಮುಂದಾಗಿ ತಿರುಗಿಸಿ ಈಗಿನ ಕ್ಯಾಮೆರಾಕ್ಕೆ ಜೋಡಿಸಿದರೆ ಪುಟ್ಟ ಇರುವೆಯೂ ಚಿತ್ರದಲ್ಲಿ ದೊಡ್ಡದಾಗಿ ಬರುತ್ತದೆ. ಹಾಗೆ ಜೋಡಿಸುವ ಉಂಗುರ ಹೆಚ್ಚಿನ ಬೆಲೆಯದೇನಲ್ಲ.

ಕಷ್ಟವಿರುವುದು ಬೇರೆ ಕಡೆ. ಇಷ್ಟು ಹತ್ತಿರ ಹೋದಾಗ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಒಂದೆರಡು ಮಿಲಿಮೀಟರ್ ಮಾತ್ರ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಕಣ್ಣು ಸ್ಪಷ್ಟವಾದರೆ ಕಾಲು ಮಸುಕು. ಆದ್ದರಿಂದ ಕಣ್ಣಿಗೇ ಗುರಿಯಿಡಿ. ಕಣ್ಣು ಸ್ಪಷ್ಟವಾಗಿದ್ದರೆ ಉಳಿದದ್ದನ್ನು ನೋಡುವವರು ಕ್ಷಮಿಸುತ್ತಾರೆ. ಲೆನ್ಸ್ ತಿರುಗಿಸುತ್ತಾ ಕೂರಬೇಡಿ. ಮೊಣಕೈಯನ್ನು ಎಲ್ಲಾದರೂ ಊರಿ, ಮೈಯನ್ನೇ ನಿಧಾನವಾಗಿ ಹಿಂದೆ ಮುಂದೆ ಮಾಡಿ, ಸ್ಪಷ್ಟವಾದ ಕ್ಷಣದಲ್ಲಿ ಗುಂಡಿ ಒತ್ತಿ. ಬೆರಳಿನಿಂದ ಪರದೆಯನ್ನು ಹಿಗ್ಗಿಸಿ ತೆಗೆಯುವ ಅಭ್ಯಾಸ ಬಿಡಿ. ಅದು ಚಿತ್ರವನ್ನು ಒಡೆಯುತ್ತದೆ. ಇಪ್ಪತ್ತು ತೆಗೆದರೆ ಒಂದು ಸರಿಯಾದೀತು. ಫಿಲ್ಮಿನ ಕಾಲದಲ್ಲಿ ಇದು ದುಬಾರಿಯಾಗಿತ್ತು, ಈಗಿಲ್ಲ.

ಬೆಳಗಿನ ಹೊತ್ತು ಒಳ್ಳೆಯದು. ತಂಪಿಗೆ ಹುಳುಗಳು ಚುರುಕಾಗಿರುವುದಿಲ್ಲ. ಬಿಸಿಲೂ ಓರೆಯಾಗಿ ಬೀಳುತ್ತದೆ. ನೆರಳಿನ ಕಡೆಗೆ ಒಂದು ಬಿಳಿ ಕಾಗದ ಹಿಡಿದರೆ ಬೆಳಕು ತಿರುಗಿ ಬಿದ್ದು ಕಪ್ಪು ಕಡಿಮೆಯಾಗುತ್ತದೆ. ಚೆನ್ನಾಗಿ ಬರಲೆಂದು ಹುಳುವನ್ನು ಕೊಲ್ಲುವುದು, ಅಂಟಿಸುವುದು, ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದು ಬೇಡ. ಹಕ್ಕಿಗೂಡಿನ ಹತ್ತಿರವಂತೂ ಹೋಗಲೇಬೇಡಿ.

ಮೊದಲ ದಿನವೇ ಇರುವೆಯ ಬೆನ್ನು ಹತ್ತಿದರೆ ಬೇಸರವಾದೀತು. ಓಡದ ವಸ್ತುಗಳಿಂದ ಆರಂಭಿಸಿ. ಕಪ್ಪು ಬಟ್ಟೆಯ ಮೇಲೆ ನಾಲ್ಕು ಕಾಳು ಪುಡಿ ಉಪ್ಪು ಹಾಕಿ ನೋಡಿ. ಪುಟ್ಟ ಪುಟ್ಟ ಚೌಕ ಪೆಟ್ಟಿಗೆಗಳು. ಪಕ್ಕದಲ್ಲಿ ಸಕ್ಕರೆ ಹಾಕಿದರೆ ಆಕಾರವೇ ಬೇರೆ. ಮರಿಯಮ್ಮನವರ ಸ್ವರೂಪದ ಮುಂದಿಡಲು ತಂದ ದಾಸವಾಳದ ಕೇಸರವನ್ನು ಹತ್ತಿರದಿಂದ ತೆಗೆಯಿರಿ. ಹಳದಿ ಪುಡಿಯೆಂದುಕೊಂಡಿದ್ದು ಬಿಡಿಬಿಡಿಯಾದ ಉಂಡೆಗಳು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈತುಂಬ ಮುಳ್ಳು. ಬೇರೆ ಹೂಗಳ ಪರಾಗಕ್ಕೆ ಹೋಲಿಸಿದರೆ ದಾಸವಾಳದ್ದು ದೊಡ್ಡದು, ಆದ್ದರಿಂದಲೇ ಸಣ್ಣ ಲೆನ್ಸಿಗೂ ಸಿಗುತ್ತದೆ.

ತೆಗೆದ ಚಿತ್ರಗಳನ್ನು ಏನು ಮಾಡುವುದು? ಈ ವಿಷಯದಲ್ಲಿ ಯೇಸುಸಭೆಯ ಗುರು ಫ್ರಾನ್ಸಿಸ್ ಬ್ರೌನ್ ಅವರನ್ನು ನೆನೆಯಬೇಕು. ಐರ್ಲೆಂಡಿನ ಇವರು 1880ರಲ್ಲಿ ಹುಟ್ಟಿದರು. ಮೊದಲ ಕ್ಯಾಮೆರಾ ಕೊಡಿಸಿದವರು ಧರ್ಮಾಧ್ಯಕ್ಷರಾಗಿದ್ದ ಚಿಕ್ಕಪ್ಪ; 1912ರಲ್ಲಿ ಟೈಟಾನಿಕ್ ಹಡಗಿನ ಟಿಕೆಟ್ ಕೊಡಿಸಿದವರೂ ಅವರೇ. ಆಗಿನ್ನೂ ದೈವಶಾಸ್ತ್ರ ಓದುತ್ತಿದ್ದ ಬ್ರೌನ್ ಒಂದು ದಿನ ಪ್ರಯಾಣ ಮಾಡಿ, ಹಡಗಿನ ಜನರ, ಮಕ್ಕಳ ಆಟದ, ಕೋಣೆಗಳ ಫೋಟೋ ತೆಗೆದರು. ನ್ಯೂಯಾರ್ಕ್‌ವರೆಗೂ ಕರೆದೊಯ್ಯುತ್ತೇವೆಂದು ಸಹಪ್ರಯಾಣಿಕರು ಮುಂದೆ ಬಂದರು. ಅನುಮತಿ ಕೇಳಿದಾಗ ಸಭೆಯ ಮೇಲಧಿಕಾರಿಗಳಿಂದ ಇಳಿದು ಬಾ ಎಂದು ತಂತಿ ಬಂತು. ವಿಧೇಯತೆಯಿಂದ ಇಳಿದರು, ಬದುಕಿಕೊಂಡರು. ಲೋಕ ಅವರನ್ನು ನೆನೆಯುವುದು ಆ ಚಿತ್ರಗಳಿಗಾಗಿ. ಆದರೆ 1960ರಲ್ಲಿ ಅವರು ತೀರಿಕೊಂಡು 25 ವರ್ಷದ ಬಳಿಕ, 1985ರಲ್ಲಿ, ಅವರದೇ ಸಭೆಯ ಗುರುವೊಬ್ಬರು ಹಳೆಯ ಟ್ರಂಕೊಂದನ್ನು ತೆರೆದಾಗ ಸಿಕ್ಕಿದ್ದು ಸುಮಾರು 42,000 ನೆಗೆಟಿವ್‌ಗಳು. ಅವುಗಳಲ್ಲಿ ಬಹುಪಾಲು ಐರ್ಲೆಂಡಿನ ದಿನನಿತ್ಯದ ಬದುಕು: ಕಮ್ಮಾರಸಾಲೆ, ಶಾಲೆ, ಹೊಲ, ಬೀದಿ. ಎಲ್ಲಿ, ಯಾವಾಗ ತೆಗೆದದ್ದೆಂದು ಬರೆದಿಟ್ಟಿದ್ದರಿಂದ ಆ ಟ್ರಂಕು ಒಂದು ನಾಡಿನ ಚರಿತ್ರೆಯಾಯಿತು.

ಆದ್ದರಿಂದ ಬರೆದಿಡಿ. ಮೊಬೈಲಿನಲ್ಲೇ ಬಿಟ್ಟರೆ ಮೊಬೈಲ್ ಕೆಟ್ಟ ದಿನ ಎಲ್ಲವೂ ಹೋಯಿತು. ತಿಂಗಳಿಗೆ ಹತ್ತು ಚಿತ್ರಗಳನ್ನಾದರೂ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಒಂದು ನೋಟುಬುಕ್ಕಿಗೆ ಅಂಟಿಸಿ, ಕೆಳಗೆ ದಿನಾಂಕ, ಜಾಗ, ಕಂಡದ್ದೇನು ಎಂಬುದನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ.

ನಮ್ಮ ಮನೆಯ ನೋಟುಬುಕ್ಕಿನಲ್ಲಿ ಇನ್ನೂ ಒಂದು ಕಾಲಂ ಇದೆ: ಅಜ್ಜಿ ಹೇಳಿದ್ದು. ಹೊರಗೆ ಹೋಗಲಾಗದ ಅಮ್ಮ ಹಾಸಿಗೆಯಿಂದಲೇ ಮೊಮ್ಮಗಳಿಗೆ ಎಲ್ಲಿ, ಯಾವ ಹೊತ್ತಿಗೆ ಹೋಗಬೇಕೆಂದು ಹೇಳುತ್ತಿದ್ದರು. ಚಿತ್ರ ಬಂದಾಗ ಎರಡು ಮಾತು ಹೇಳುತ್ತಿದ್ದರು. ಅವಳು ಅದನ್ನು ಹಾಗೆಯೇ ಬರೆಯುತ್ತಿದ್ದಳು. ನಿಮ್ಮ ಮನೆಯಲ್ಲೂ ಮಂಚ ಹಿಡಿದ ಹಿರಿಯರಿದ್ದರೆ ಪ್ರಯತ್ನಿಸಿ ನೋಡಿ. ಪ್ರಿಂಟ್ ದೊಡ್ಡದಿರಲಿ, ಹೊಳಪಿಲ್ಲದ ಕಾಗದದ್ದಿರಲಿ. ಹೊಳೆಯುವ ಕಾಗದಕ್ಕೆ ಮಲಗಿದವರ ಕಣ್ಣಿಗೆ ಬಲ್ಬಿನ ಬೆಳಕು ಬಡಿಯುತ್ತದೆ.

ಅಮ್ಮ ಈ ವರ್ಷದ ತಪಸ್ಸುಕಾಲದಲ್ಲಿ ತೀರಿಕೊಂಡರು. ನೋಟುಬುಕ್ಕಿನ ಕೊನೆಯ ಪುಟದಲ್ಲಿ ಚಿತ್ರವಿಲ್ಲದೆ ಒಂದು ಸಾಲಿತ್ತು: ಬಾವಿಕಟ್ಟೆಯ ಹಿಂದೆ, ಮೊದಲ ಮಳೆ ಬಿದ್ದು ಮೂರು ದಿನ ಬಿಟ್ಟು ನೋಡು. ಜೂನ್‌ನಲ್ಲಿ ಮಳೆ ಬಿದ್ದ ಮೂರನೆಯ ದಿನ ಮಗಳು ಹೋದಳು. ಕಲ್ಲಿನ ಸಂದಿನ ಹಸಿರು ಪಾಚಿಯಿಂದ ಕೂದಲೆಳೆಯಂಥ ಕಡ್ಡಿಗಳೆದ್ದು, ಒಂದೊಂದರ ತುದಿಯಲ್ಲೂ ಒಂದು ಪುಟ್ಟ ಕುಡಿಕೆ, ಕುಡಿಕೆಗೆ ಒಂದು ನೀರಹನಿ. ಹದಿನೇಳು ಫೋಟೋ ತೆಗೆದಳು. ಎಲ್ಲವೂ ಮಸುಕು. ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಮತ್ತೆ ಹೋದಳು; ಈ ಸಲ ಬಿಳಿ ಕಾಗದ ಹಿಡಿದು ನಿಂತವನು ನಾನು.